ಕಿಟಕಿಯಲ್ಲೇ ನಿಂತ ಸುಮಿತ್ರೆ

ಕಾದಂಬರಿ ಬರೆಯುವುದು ಕಷ್ಟವೇನಲ್ಲ. ಮೊದಲ ಅಧ್ಯಾಯ ಮುಗಿಸಿದವರನ್ನು ಎರಡನೆಯದಕ್ಕೂ ಹಿಡಿದು ಕೂರಿಸುವುದಿದೆಯಲ್ಲ, ಅದು ಆರನೇ ತರಗತಿಯನ್ನು ಕೊನೆಯ ಪೀರಿಯಡ್‌ನಲ್ಲಿ ಕೂರಿಸಿದಷ್ಟೇ ಕಷ್ಟ. ಕೊಳ್ಳೇಗಾಲದಿಂದ ಹೊನ್ನೂರಿನ ಕಡೆಯ ಒಂದು ಶಾಲೆಗೆ ದಿನವೂ ಬಸ್ಸಿನಲ್ಲಿ ಓಡಾಡುವ ಮೇಷ್ಟ್ರು ನಾನು. ಬರೆದದ್ದನ್ನು ಮನೆಯಲ್ಲಿ ಓದಲು ಹೋದರೆ ಹೆಂಡತಿಗೆ ಆ ಕ್ಷಣವೇ ಯಾರಿಗೋ ಫೋನ್ ಮಾಡುವುದು ನೆನಪಾಗುತ್ತದೆ. ಹಾಗಾಗಿ ಬಿಸಿಯೂಟದ ಅಡುಗೆಯ ಪುಟ್ಟಮ್ಮನೇ ನನ್ನ ಏಕೈಕ ಶ್ರೋತೃ. ತರಕಾರಿ ಹೆಚ್ಚುವಾಗ ಆಕೆ ಎದ್ದು ಹೋಗುವಂತಿಲ್ಲ ಎಂಬ ಧೈರ್ಯ ನನ್ನದು.

ಮೂರನೇ ಅಧ್ಯಾಯದ ನಡುವೆ ಆಕೆ ಎದ್ದೇಬಿಟ್ಟಳು.

"ಯಾಕಮ್ಮ, ಚೆನ್ನಾಗಿಲ್ವಾ?"

"ಚಂದಾಗೈತೆ ಸಾ. ಆದ್ರೆ ಆ ಸುಮಿತ್ರಮ್ಮ ಮೂರು ದಿಸದಿಂದ ಕಿಟಕಿ ತಾವೇ ನಿಂತವ್ಳೆ. ಕಾಲು ನೋಯಾಕಿಲ್ವಾ ಅವ್ಳ್ಗೆ? ಮನೇಲಿ ಕೆಲ್ಸ ಇಲ್ವಾ?"

ಕಿಟಕಿಯಲ್ಲಿ ನಿಂತ ನಾಯಕಿಯ ಕಣ್ಣಿಂದ ಸೂರ್ಯಾಸ್ತವನ್ನು ಒಂಬತ್ತು ಪುಟ ವರ್ಣಿಸಿದ್ದ ನನಗೆ ಎದೆಗೆ ಒನಕೆ ಬಿದ್ದಂತಾಯಿತು. ಎರಡು ದಿನ ಮುನಿಸಿಕೊಂಡೆ. ಮೂರನೆಯ ದಿನ ಸುಮಿತ್ರೆಯನ್ನು ಕಿಟಕಿಯಿಂದ ಕದಲಿಸಿ ಬಾಗಿಲಿಗೆ ಕಳಿಸಿದೆ. ಪೋಸ್ಟ್‌ಮ್ಯಾನ್ ಕಾಗದ ಕೊಟ್ಟ. ಮೊದಲ ಸಾಲು ಓದಿದವಳೇ ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. ಅಧ್ಯಾಯ ಮುಗಿಯಿತು.

"ಏನಂತ ಬರ್ದವ್ರೆ?" ಈಳಿಗೆಯ ಮೇಲೆ ಪುಟ್ಟಮ್ಮನ ಕೈ ನಿಂತಿತು.

"ಸೋಮವಾರ ಹೇಳ್ತೀನಿ" ಎಂದು ಗತ್ತಿನಿಂದ ಎದ್ದೆ.

ಅಂದು ಸಾಂಬಾರಿಗೆ ಎರಡು ಸಲ ಉಪ್ಪು ಬಿತ್ತು. ಮಕ್ಕಳು ಮುಖ ಕಿವುಚಿದರು. ಹೆಡ್‌ಮೇಡಂ ಪುಟ್ಟಮ್ಮನನ್ನು ಕರೆಸಿದರು. ನನ್ನ ಕತೆಯಿಂದ ಆಕೆಯ ಕೆಲಸಕ್ಕೆ ಕುತ್ತು ಬಂತಲ್ಲ ಎಂದು ಓಡಿಹೋಗಿ ತಪ್ಪೊಪ್ಪಿಕೊಂಡೆ. "ಇನ್ಮೇಲೆ ಕತೆಯೆಲ್ಲ ಊಟ ಆದ್ಮೇಲೆ ಇಟ್ಕೊಳ್ಳಿ" ಎಂದು ಮೇಡಂ ಗದರಿದರು. ನಾನು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕರೆದರು: "ಮೇಷ್ಟ್ರೇ, ಅದ್ಸರಿ, ಕಾಗದದಲ್ಲಿ ಏನಿತ್ತು?"

ನಿಜ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ. ಭಾನುವಾರವಿಡೀ ತಲೆ ಕೆರೆದುಕೊಂಡರೂ ಆ ಕಾಗದದಲ್ಲಿ ಒಂದಕ್ಷರ ಮೂಡಲಿಲ್ಲ. ಸೋಮವಾರ ಊಟವಾದ ಮೇಲೆ ಪುಟ್ಟಮ್ಮನ ಮುಂದೆ ಕೈಚೆಲ್ಲಿದೆ.

"ಅಷ್ಟೇನಾ ಸಾ?" ಆಕೆ ನಕ್ಕಳು. "ಅವ್ಳ ಗಂಡನ್ ಮೊದಲ್ನೇ ಎಂಡ್ರು ಬರ್ದಿರಾದು. 'ನಾಳೆ ಬಸ್ಸಿಗೆ ಬತ್ತೀನಿ, ಮುದ್ದೆ ಮಾಡಿಕ್ಕು' ಅಂತ."

"ಮೊದಲನೇ ಹೆಂಡತಿಯಾ? ಕತೇಲಿ ಅವಳೇ ಇಲ್ವಲ್ಲಮ್ಮ!"

"ಇಲ್ದಿದ್ರೇನು, ಬತ್ತಾಳೆ ಬುಡಿ."

ಬಂದೇಬಿಟ್ಟಳು. ಅಂದಿನಿಂದ ಕತೆ ಪುಟ್ಟಮ್ಮನ ಬಾಯಲ್ಲಿದೆ. ಕೇಳಲು ಮೇಡಂ ಕೂಡ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಇವತ್ತು ಮೊದಲನೇ ಹೆಂಡತಿ ತಾನು ತಂದಿದ್ದ ಟ್ರಂಕಿನ ಬೀಗ ತೆಗೆದಳು. ಪುಟ್ಟಮ್ಮ ಅಲ್ಲಿಗೆ ಬಾಯಿ ಮುಚ್ಚಿದಳು. "ಟ್ರಂಕಿನಲ್ಲಿ ಏನಿತ್ತಮ್ಮ?" ಎಂದು ಎಲ್ಲರಿಗಿಂತ ಮೊದಲು ಬಾಯಿಬಿಟ್ಟವನು ಕಾದಂಬರಿಕಾರನಾದ ನಾನೇ.

ಆಕೆ ಮೊರವನ್ನು ನನ್ನ ಕಡೆ ತಳ್ಳಿದಳು. "ಮೊದ್ಲು ಈ ಬ್ಯಾಳೇಲಿ ಕಲ್ಲು ಆರ್ಸಿ ಸಾ, ಆಮ್ಯಾಕೆ ಏಳ್ತೀನಿ."

ಆರಿಸುತ್ತಿದ್ದೇನೆ.