ಕಚ್ಚಿಕೊಂಡ ಕಾರ್ಬುರೇಟರು, ಬೆಚ್ಚಿಬಿದ್ದ ನಾನು

ನಮ್ಮ ಯಜಮಾನರು ಹಳೇ ಬೈಕಿನ ಕಾರ್ಬುರೇಟರ್ ಬಿಚ್ಚಲು ಕೂತರೆಂದರೆ, ಅವತ್ತು ನನ್ನ ಎದೆ ಧಸಕ್ ಅನ್ನುವಂಥದ್ದು ಒಂದಾದರೂ ನಡೆಯಲೇಬೇಕು.

ಶಿಕಾರಿಪುರದಲ್ಲಿ ನಮ್ಮದೊಂದು ಗ್ಯಾರೇಜು. ಹಿಂದೆ ಮನೆ, ಮುಂದೆ ರಸ್ತೆಗೆ ಮುಖ ಮಾಡಿ ನಾನು ಕೂರುವ ಬಿಡಿಭಾಗಗಳ ಅಂಗಡಿ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಬಿಡುವ ಈ ಕಾರ್ಬುರೇಟರು ಈಗಿನ ಹೊಸ ಬೈಕುಗಳಲ್ಲಿ ಇಲ್ಲವೇ ಇಲ್ಲ. ಆದರೆ ಅಪ್ಪನ ಕಾಲದ, ಮಾವನ ಕಾಲದ ಗಾಡಿಗಳನ್ನು ಮತ್ತೆ ಓಡಿಸುವ ಹುಚ್ಚು ಈಚೆಗೆ ಸುತ್ತಮುತ್ತ ಹಬ್ಬಿಬಿಟ್ಟಿದೆ. ವರ್ಷಗಟ್ಟಲೆ ನಿಂತ ಗಾಡಿ. ಪೆಟ್ರೋಲು ಒಣಗಿ ಅಂಟಾಗಿ, ಕಾರ್ಬುರೇಟರಿನ ಒಳಗಿನದೆಲ್ಲ ಕಚ್ಚಿಕೊಂಡು ಕೂತಿರುತ್ತದೆ. ಮುರಿದರೆ ಇನ್ನೊಂದು ಸಿಗುವುದಿಲ್ಲ. ಹಾಗಾಗಿ ನಮ್ಮವರು ಸುತ್ತಿಗೆ ಮುಟ್ಟುವುದಿಲ್ಲ. ಡೀಸೆಲ್‌ನಲ್ಲಿ ನೆನೆಹಾಕುತ್ತಾರೆ, ಬಿಸಿ ಮಾಡುತ್ತಾರೆ, ಮರದ ತುಂಡಿನಿಂದ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಾರೆ. ಅವರದು ತಣ್ಣನೆಯ ಸ್ವಭಾವ. ಬೆಚ್ಚಿಬೀಳುವ ಕೆಲಸವೆಲ್ಲ ನನ್ನ ಪಾಲಿಗೆ.

ಎಣ್ಣೆ ಬಿಟ್ಟವರು

ಉಡುತಡಿ ಕಡೆಯ ಕುರಿ ಸಾಕುವವರೊಬ್ಬರು ಒಂದು ಗಾಡಿ ತಂದರು. ಕುರಿ ದೊಡ್ಡಿಯಲ್ಲೇ ಬಹಳ ಕಾಲ ನಿಂತಿದ್ದ ಗಾಡಿ.

"ಒಳಗೆಲ್ಲ ಬಿಗಿ ಹಿಡಿದೈತ್ರೀ. ಸಡಿಲ ಆಗ್ಲಿ ಅಂತ ನಾನೇ ಆಗಾಗ ಎಣ್ಣೆ ಬಿಟ್ಟೀನಿ" ಅಂದರು.

"ಯಾವ ಎಣ್ಣೆ?" ನಮ್ಮವರು ಕೇಳಿದರು.

"ಮನ್ಯಾಗಿತ್ತಲ್ರೀ, ಶೇಂಗಾ ಎಣ್ಣೆ."

ಆ ಎಣ್ಣೆ ಒಳಗೆ ಹೆಪ್ಪುಗಟ್ಟಿ ಬೆಲ್ಲದ ಪಾಕದ ಹಾಗಾಗಿತ್ತು. ನಮ್ಮವರು ಬಿಸಿಗಾಳಿ ಊದುವ ಮೆಷಿನ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ಕರಿದ ಎಣ್ಣೆಯ ಘಾಟು, ಜೊತೆಗೆ ಹೊಗೆ. ನಮ್ಮ ಅಡುಗೆಮನೆಗೇ ಬೆಂಕಿ ಬಿತ್ತು ಅಂತ ನಾನು ಕಿರುಚಿಕೊಂಡು ಒಳಗೆ ಓಡಿದೆ. ಒಲೆ ಆರಿತ್ತು. ಸಿಲಿಂಡರ್ ಬಂದ್ ಮಾಡಿ, ಒಂದು ಕೊಡ ನೀರು ಹಿಡಿದು ಏದುಸಿರು ಬಿಡುತ್ತಾ ಹೊರಗೆ ಬಂದರೆ, ಗ್ಯಾರೇಜಿನ ಬೆಂಚಿನ ಮೇಲೆ ಗುರುತಿಲ್ಲದವರು ಸಾಲಾಗಿ ಕೂತಿದ್ದಾರೆ.

"ನೀರು ಆಮೇಲೆ ಕೊಡ್ರಿ ಅಕ್ಕಾರೆ" ಅಂದ ಒಬ್ಬ. "ಮೊದ್ಲು ಮಂಡಕ್ಕಿ ಮೆಣಸಿನಕಾಯಿ ಕೊಡ್ರಿ. ಈರುಳ್ಳಿ ಸ್ವಲ್ಪ ಮುಂದಾಗಿರ್ಲಿ."

ತಾನಾಗೇ ಬಂತು

ಸೊರಬದ ದಿನಸಿ ಅಂಗಡಿಯವರೊಬ್ಬರು ಫೋನ್ ಮಾಡಿದ್ದರು. ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳತೆಯಾಗಿ ಬಿಡುವ ಸಣ್ಣ ಹಿತ್ತಾಳೆ ತಿರುಪಿರುತ್ತದೆ, ಅದಕ್ಕೆ ಜೆಟ್ ಅನ್ನುತ್ತಾರೆ. ಅದು ಏನು ಮಾಡಿದರೂ ತಿರುಗುತ್ತಿಲ್ಲವಂತೆ.

"ಬಲ ಹಾಕಬೇಡಿ. ಹಾಗೇ ತನ್ನಿ, ನಾನು ಬಿಡಿಸ್ತೀನಿ" ಅಂದಿದ್ದರು ನಮ್ಮವರು.

ಆಸಾಮಿ ಬಂದದ್ದು ಮುಚ್ಚಳ ಹಾಕಿದ ಬಕೆಟ್ ಹಿಡಿದುಕೊಂಡು. ಮುಖದಲ್ಲಿ ಪರೀಕ್ಷೆ ಪಾಸಾದ ಕಳೆ. "ಅರ್ಧ ಕೆಲಸ ಮುಗೀತು ಮಾರಾಯ್ರೆ. ನೀವು ಜೋಡಿಸಿ ಕೊಟ್ರೆ ಸಾಕು" ಅಂತ ಜೇಬಿನಿಂದ ಜೆಟ್ ತೆಗೆದು ಕೊಟ್ಟರು. ಒಂದು ಗೀರಿಲ್ಲ. ಫಳಫಳ ಹೊಳೆಯುತ್ತಿತ್ತು.

ನಮ್ಮವರಿಗೇ ಆಶ್ಚರ್ಯ. "ಹೆಂಗೆ ಬಿಚ್ಚಿದ್ರಿ?"

"ಬಿಚ್ಚಲೇ ಇಲ್ಲ! ಕಕ್ಕಸು ತೊಳೆಯೋ ಆಸಿಡ್ ಇತ್ತಲ್ಲ, ಅದರಲ್ಲಿ ಇಡೀ ಕಾರ್ಬುರೇಟರ್ ಮುಳುಗಿಸಿಟ್ಟೆ. ಬುಸುಬುಸು ಅಂತ ನೊರೆ ಬಂತು ನೋಡಿ. ಮಾರನೇ ದಿನ ನೋಡ್ತೀನಿ, ಜೆಟ್ ತಾನಾಗೇ ಬಂದು ತಳದಲ್ಲಿ ಕೂತಿದೆ."

"ಮತ್ತೆ... ಕಾರ್ಬುರೇಟರು?"

"ಅದನ್ನೂ ತಂದಿದೀನಿ" ಅಂತ ಬಕೆಟ್ಟಿನ ಮುಚ್ಚಳ ತೆಗೆದರು. ಬೂದಿ ಬಣ್ಣದ ನೀರು. ತಳದಲ್ಲಿ ಇಲಿ ತಿಂದು ಬಿಟ್ಟ ಗೆಣಸಿನಂಥದ್ದೊಂದು ಚೂರು. ನಾನು ಅಯ್ಯಯ್ಯೋ ಅಂತ ಬಾಯಿ ಮುಚ್ಚಿಕೊಂಡೆ. ಯಾವುದಕ್ಕೂ ಅಲುಗದ ನಮ್ಮವರು ಸುಮ್ಮನೆ ನೆಲದ ಮೇಲೆ ಕೂತುಬಿಟ್ಟರು.

ಅಂಗಡಿಯವರು ಬಕೆಟ್ಟಿನೊಳಗೆ ಒಂದು ಸಲ ಬಗ್ಗಿ ನೋಡಿ ಹೇಳಿದರು: "ಎಂತ ಮಾರಾಯ್ರೆ, ಸ್ವಲ್ಪ ಇಳಿದು ಹೋಗಿದೆ ಅಲ್ವಾ?"

ಬೆಂದಿದೆಯಾ?

ಕೆಲವು ಕಾರ್ಬುರೇಟರುಗಳನ್ನು ಕುದಿಯುವ ನೀರಿಗೆ ಹಾಕಬೇಕಾಗುತ್ತದೆ. ಮೈ ಹಿಗ್ಗಿ, ಒಳಗೆ ಕಚ್ಚಿಕೊಂಡ ಪಿನ್ನು ಸಡಿಲವಾಗುತ್ತದೆ. ಅದಕ್ಕೆಂದೇ ಒಂದು ಹಳೇ ಪಾತ್ರೆ ಬೇರೆ ಇಟ್ಟಿದ್ದೇನೆ. ಆದರೆ ಒಲೆ ಮಾತ್ರ ನನ್ನದೇ.

ನನ್ನ ನಾದಿನಿಯನ್ನು ನೋಡಲು ಸೊರಬದಿಂದ ಗಂಡಿನ ಕಡೆಯವರು ಬರುವ ದಿನ. ಮಧ್ಯಾಹ್ನ ಅಂದವರು ಬೆಳಿಗ್ಗೆಯೇ ಬಂದರು. ನಾನು ಗಡಿಬಿಡಿಯಲ್ಲಿ ಸೀರೆ ಸರಿಮಾಡಿಕೊಂಡು, ಉಪ್ಪಿಟ್ಟು, ಕೇಸರಿಬಾತು ಬಡಿಸಲು ಓಡಿದೆ. ಒಲೆಯ ಮೇಲಿದ್ದದ್ದು ಮರೆತೇಹೋಯಿತು.

ಗಂಡಿನ ತಾಯಿ ಒಳ್ಳೆಯ ಹೆಂಗಸು. "ನಾನೂ ಒಂದು ಕೈ ಸೇರಿಸ್ತೀನಿ" ಅಂತ ಅಡುಗೆಮನೆಗೇ ಬಂದರು. "ಅಯ್ಯೋ, ಎಂತದೋ ಉಕ್ತಾ ಇದೆ ನೋಡಿ" ಅಂದವರು, ನಾನು ಬೇಡ ಅನ್ನುವುದರೊಳಗೆ ಮುಚ್ಚಳ ಎತ್ತಿಬಿಟ್ಟರು.

ಆವಿ ಸರಿಯಿತು. ಕರೀ ನೀರಿನಲ್ಲಿ ಕಾರ್ಬುರೇಟರು ಗಡಗಡ ಕುಣಿಯುತ್ತಿತ್ತು. ಆ ತಾಯಿ ಪಾತ್ರೆ ನೋಡಿದರು, ನನ್ನನ್ನು ನೋಡಿದರು, ಮೂಲೆಯಲ್ಲಿ ಮಲ್ಲಿಗೆ ಮುಡಿದು ನಿಂತಿದ್ದ ನಾದಿನಿಯನ್ನು ನೋಡಿದರು. ನಾನು ಮುಚ್ಚಳಕ್ಕೆ ಕೈ ಚಾಚಿದೆ.

ಅಷ್ಟರಲ್ಲಿ ನಮ್ಮವರು ಹಿಂಬಾಗಿಲಿನಿಂದ ಇಕ್ಕಳ ಹಿಡಿದು ಬಂದರು. ಅವರಿಗೆ ಕಾರ್ಬುರೇಟರ್ ಬಿಟ್ಟು ಬೇರೇನೂ ಕಾಣುವುದಿಲ್ಲ. "ಬೆಂದಿದೆಯಾ?" ಅಂತ ಕೇಳಿ, ಅದನ್ನು ಎತ್ತಿ ತಿರುಗಿಸಿ ನೋಡಿ, "ಇನ್ನೊಂದು ಕುದಿ ಬರ್ಲಿ" ಅಂತ ಮತ್ತೆ ನೀರಿಗೆ ಬಿಟ್ಟು ಹೋದರು.

ಗಂಡಿನ ತಾಯಿ ಹೊರಗೆ ಹೋಗಿ ಕೂತರು. ಉಪ್ಪಿಟ್ಟನ್ನು ಮುಟ್ಟಲಿಲ್ಲ. ಅವರು ಹೊರಟ ಮೇಲೆ ನಾದಿನಿ ಅತ್ತಳು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ನನ್ನಿಂದ ಸಂಬಂಧ ತಪ್ಪಿತಲ್ಲ ಅಂತ ನನಗೂ ಅನ್ನ ಸೇರಲಿಲ್ಲ.

ಸಂಜೆ ಆ ತಾಯಿಯದೇ ಫೋನು ಬಂತು. "ನಮಗೆ ಹುಡುಗಿ ಒಪ್ಪಿಗೆ. ಆದಷ್ಟು ಬೇಗ ಮದುವೆ ಮಾಡಿಕೊಡಿ. ಪಾಪ, ಆ ಮಗು ನಮ್ಮ ಮನೇಲಾದ್ರೂ ಎರಡು ತುತ್ತು ಅನ್ನ ತಿನ್ಲಿ."

ಸೊರಬದ ಬಸ್ಸು

ತೊಗರ್ಸಿಯ ರೈತರೊಬ್ಬರು ಅವರ ತಂದೆಯ ಗಾಡಿ ತಂದಿದ್ದರು. ತಂದೆಗೆ ಕಣ್ಣು ಪೂರ್ತಿ ಮಂಜಾಗಿದೆ. "ಗಾಡಿ ನೋಡಕ್ಕಂತೂ ಆಗಲ್ರೀ. ಅದರ ಸದ್ದಾದ್ರೂ ಅಪ್ಪನ ಕಿವಿಗೆ ಇನ್ನೊಂದ್ಸಲ ಬೀಳ್ಲಿ" ಅಂದಿದ್ದರು.

ಕಚ್ಚಿಕೊಂಡದ್ದು ಸ್ಲೈಡು. ಆಕ್ಸಿಲರೇಟರ್ ತಿರುವಿದಾಗ ಕಾರ್ಬುರೇಟರಿನೊಳಗೆ ಮೇಲೆ ಕೆಳಗೆ ಆಡುವ, ಒಂದು ಬದಿ ಮುಚ್ಚಿದ ಪುಟ್ಟ ಲೋಹದ ಕೊಳವೆ ಅದು. ಡೀಸೆಲ್ ಆಯಿತು, ಬಿಸಿನೀರಾಯಿತು, ಜಪ್ಪಯ್ಯ ಅಂದರೂ ಬರಲಿಲ್ಲ. ಕೊನೆಗೆ ನಮ್ಮವರು ಕೆಳಗಿನ ತೂತುಗಳನ್ನೆಲ್ಲ ಮುಚ್ಚಿ, ಕಂಪ್ರೆಸರಿನ ಗಾಳಿ ಹಾಯಿಸಿ ಹೊರಕ್ಕೆ ತಳ್ಳುವುದೆಂದು ತೀರ್ಮಾನಿಸಿದರು. ಹಾರಿ ಬಂದರೆ ಹಿಡಿಯಲು ಆ ರೈತರ ಕೈಗೇ ಒಂದು ಗೋಣಿಚೀಲ ಕೊಟ್ಟು, "ಎದುರಿಗೆ ಗಟ್ಟಿಯಾಗಿ ಹಿಡ್ಕಳ್ರಿ" ಅಂದರು.

ಕಂಪ್ರೆಸರ್ ಟರ್ ಅಂತ ಶುರುವಾಯಿತು. ರೈತರು ಹೌಹಾರಿ ಚೀಲ ಬಿಟ್ಟು ಪಕ್ಕಕ್ಕೆ ಹಾರಿದರು. ಅದೇ ಗಳಿಗೆಗೆ ಢಬ್!

ಸ್ಲೈಡು ಮುಂದೆ ಅಂಗಡಿಯಲ್ಲಿ ಕೂತಿದ್ದ ನನ್ನ ಕಿವಿಯ ಪಕ್ಕದಲ್ಲೇ ಸುಂಯ್ ಅಂತ ಹೋಯಿತು. ಎದುರಿನ ರಸ್ತೆ ಉಬ್ಬಿನ ಮೇಲೆ ಸೊರಬದ ಬಸ್ಸು ನಿಧಾನಕ್ಕೆ ಏರಿ ಇಳಿಯುತ್ತಿತ್ತು. ಸ್ಲೈಡು ಅದರ ಕಿಟಕಿಯೊಳಗೆ ಹೋಗಿದ್ದನ್ನು ನನ್ನ ಕಣ್ಣಾರೆ ಕಂಡೆ. ಯಾರ ತಲೆ ಒಡೆಯಿತೋ ಅಂತ ನಾನು ರಸ್ತೆಗೆ ಓಡಿದೆ. ಬಸ್ಸು ಮಾತ್ರ ಏನೂ ಆಗದ ಹಾಗೆ ಹೊರಟೇಹೋಯಿತು.

"ಅಪ್ಪನ ಗಾಡಿದು ರೀ!" ಅಂತ ರೈತರು ಗೋಳಾಡಿದರು. ಸ್ಕೂಟಿ ತೆಗೆದು ಅವರನ್ನು ಹಿಂದೆ ಕೂರಿಸಿಕೊಂಡು ಬೆನ್ನುಹತ್ತಿದೆ. ಬಸ್ಸು ಸಿಕ್ಕಿದ್ದು ಶಿರಾಳಕೊಪ್ಪದ ನಿಲ್ದಾಣದಲ್ಲಿ.

ಹತ್ತಿದವಳೇ ಕೂಗಿದೆ: "ಕಿಟಕಿಯಿಂದ ಒಂದು ಲೋಹದ ವಸ್ತು ಒಳಗೆ ಬಿದ್ದಿದೆ. ಯಾರೂ ಗಾಬರಿ ಆಗಬೇಡಿ!"

"ಬಾಂಬಾ?" ಅಂದ ಕಂಡಕ್ಟರ್, ಎಲ್ಲರಿಗಿಂತ ಮೊದಲು ತಾನೇ ಇಳಿದ. ಅವನ ಹಿಂದೆ ಬಸ್ಸಿಗೆ ಬಸ್ಸೇ ಖಾಲಿಯಾಯಿತು. ಉಳಿದವರು ಕಿಟಕಿ ಪಕ್ಕದಲ್ಲಿ ಕೂತ ಒಬ್ಬ ಅಜ್ಜಿ. ನಿಶ್ಚಿಂತೆಯಿಂದ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಸುಣ್ಣ ತೆಗೆಯುತ್ತಿದ್ದದ್ದು ನಮ್ಮ ಸ್ಲೈಡಿನಿಂದ!

"ಅಜ್ಜೀ, ಅದು ನಮ್ದು! ಪೆಟ್ಟಾಯ್ತಾ ನಿಮಗೆ?"

"ಪೆಟ್ಟೆಂತದು? ನನ್ನ ಮಡಿಲಲ್ಲಿದ್ದ ಬಟ್ಟೆಗಂಟಿನ ಮೇಲೆ ಬಂದು ಕೂತ್ಕಂಡ್ತು. ಸುಣ್ಣದ ಡಬ್ಬಿ ಕಳೆದು, ಪಕ್ಕದವ್ರ ಹತ್ರ ಇಸ್ಕಂಡ ಸುಣ್ಣ ಎಲ್ಲಿ ಇಟ್ಕಳ್ಳೋದು ಅಂತ ಪೇಚಾಡ್ತಿದ್ದೆ. ಯಾವನೋ ಪುಣ್ಯಾತ್ಮ ನೋಡಿ ಕೊಟ್ಟ ಅಂದ್ಕಂಡೆ. ಕೊಡೋದಿಲ್ಲ ಹೋಗು."

ರೈತರು ಕೈಮುಗಿದು, ತಂದೆಯ ಕಣ್ಣಿನ ವಿಷಯ, ಗಾಡಿಯ ವಿಷಯ ಎಲ್ಲ ಹೇಳಿದರು. ಅಜ್ಜಿ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸುಣ್ಣವನ್ನೆಲ್ಲ ಬೆರಳಿನಿಂದ ಬಳಿದು ಎಲೆಯಲ್ಲಿ ಕಟ್ಟಿಕೊಂಡು, ಸ್ಲೈಡನ್ನು ಸೆರಗಿನಿಂದ ಒರೆಸಿ ಅವರ ಕೈಗಿಟ್ಟರು.

ಅದಕ್ಕೆ ಎಲ್ಲೂ ಪೆಟ್ಟು ಬಿದ್ದಿರಲಿಲ್ಲ. ತೊಳೆದು ಹಾಕಿದ ಮೇಲೆ ಗಾಡಿ ಒಂದೇ ಒದೆತಕ್ಕೆ ಎದ್ದಿತು. ತೊಗರ್ಸಿಯಲ್ಲಿ ಆ ಮುದುಕರು ಸದ್ದು ಕೇಳಿ, ಟ್ಯಾಂಕು ತಡವಿ, "ಆಯಿಲ್ ನೋಡಿದ್ಯೇನೋ?" ಅಂತ ಮಗನನ್ನು ಗದರಿದರಂತೆ.

ಅದಾದ ಮೇಲೆ ಒಂದು ದಿನ ಅಂಗಡಿಯಲ್ಲಿ ಕೂತಿದ್ದೆ. ಸೊರಬದಿಂದ ಬಂದ ಬಸ್ಸು ಉಬ್ಬಿನ ಮೇಲೆ ನಿಧಾನವಾಯಿತು. ಕಿಟಕಿಯಿಂದ "ಏ ತಂಗೀ!" ಅಂತ ಯಾರೋ ಕೂಗಿದರು. ನೋಡಿದರೆ ಅದೇ ಅಜ್ಜಿ. ಎರಡೂ ಕೈಯಲ್ಲಿ ಸೆರಗನ್ನು ಕಿಟಕಿಯಾಚೆ ಚಾಚಿ ಹಿಡಿದಿದ್ದಾರೆ.

"ಇವತ್ತೂ ಎಸೆಯೋದಿದ್ರೆ ಬೇಗ ಎಸಿ, ಬಸ್ಸು ಹೊರಡ್ತದೆ. ಮುಚ್ಚಳ ಇರೋದು ನೋಡಿ ಎಸಿ!"