ತಿಪ್ಪಸಂದ್ರದ ಗಂಟೆ, ಟೀ ತೋಟದ ಗಂಟೆ

ಸ್ವಂತ ದೇಶದೊಳಗೇ ಗಂಟೆ ಬದಲಾಗುವ ಊರಿಗೆ ಹೆಣ್ಣು ಕೊಟ್ಟವರಿಗೆ ಇಂಥವೆಲ್ಲ ತಪ್ಪಿದ್ದಲ್ಲ.

ನನ್ನ ತಂಗಿ ನರ್ಸ್. ಇಲ್ಲಿ ಜೊತೆಗೆ ಓದಿದ ಅಸ್ಸಾಮಿನ ಹುಡುಗನನ್ನು ಮದುವೆಯಾಗಿ ದಿಬ್ರುಗಢದ ಹತ್ತಿರದ ಟೀ ತೋಟವೊಂದಕ್ಕೆ ಹೋದಳು. ಅಲ್ಲಿ ಸೂರ್ಯ ನಮಗಿಂತ ಬಹಳ ಮುಂಚೆ ಹುಟ್ಟುತ್ತಾನೆ. ಬೆಳಕು ದಂಡವಾಗಬಾರದೆಂದು ತೋಟದವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹತ್ತಾದರೆ ತೋಟದಲ್ಲಿ ಹನ್ನೊಂದು. ನಾನು ಹೊಸ ತಿಪ್ಪಸಂದ್ರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡು ಅಮ್ಮನ ಜೊತೆ ಇದ್ದೇನೆ.

ಛತ್ರದಲ್ಲಿ

ಮದುವೆ ಹಲಸೂರಿನ ಛತ್ರದಲ್ಲಿ. ಬೀಗರು, ಅಂದರೆ ಹುಡುಗನ ಅಪ್ಪ, ಕತ್ತಲಿರುವಾಗಲೇ ಎದ್ದು, ಸ್ನಾನ ಮಾಡಿ, ರೇಷ್ಮೆ ಶಲ್ಯ ಹೊದ್ದು ಖಾಲಿ ಕುರ್ಚಿಗಳ ನಡುವೆ ಒಬ್ಬರೇ ಕೂತಿದ್ದರು. ನಮ್ಮ ಕಡೆಯವರು ಒಬ್ಬರೂ ಇಲ್ಲ. ಮುಹೂರ್ತ ಹತ್ತಿರವಾಯಿತು. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೂ ರಾಮಮೂರ್ತಿ ನಗರದಿಂದ ಬಂದಿರಲಿಲ್ಲ. ಫೋನ್ ಮಾಡಿದರೆ, ಟಿನ್ ಫ್ಯಾಕ್ಟರಿ ಹತ್ರ ಬಂದ್ಬಿಟ್ಟೆ ಅಂದ. ಅದು ಊರಿನ ಗಾಡಿಗಳೆಲ್ಲ ಸಿಕ್ಕಿಕೊಂಡು ನಿಲ್ಲುವ ಬಸ್ ಸ್ಟಾಪಿನ ಹೆಸರು. ಪುರೋಹಿತರೂ ಟಿನ್ ಫ್ಯಾಕ್ಟರಿ, ಓಲಗದವರೂ ಟಿನ್ ಫ್ಯಾಕ್ಟರಿ. ಒಳಗೆ ತಂಗಿ ಅಳುವುದಕ್ಕೆ ಶುರುಮಾಡಿದ್ದಳು.

ಬೀಗರು ನನ್ನನ್ನು ಕರೆದು, ಮೆಲ್ಲಗೆ ಹಿಂದಿಯಲ್ಲಿ ಕೇಳಿದರು: "ನಿಮ್ಮ ನೆಂಟರೆಲ್ಲ ಒಂದೇ ಫ್ಯಾಕ್ಟರೀಲಿ ಕೆಲಸ ಮಾಡೋದಾ? ಮದುವೆಗೂ ರಜ ಕೊಡಲ್ವಾ?"

ಬೆಳಗಿನ ಜಾವದ ಫೋನ್

ಅಪ್ಪ ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಬಂದದ್ದು ಬೆಳಗಿನ ಜಾವ. ಅಂದಿನಿಂದ ಆ ಹೊತ್ತಿನಲ್ಲಿ ಫೋನ್ ಬಂದರೆ ಅಮ್ಮನಿಗೆ ಅದು ಸಾವಿನ ಸುದ್ದಿಯೇ.

ತಂಗಿ ಹೋದ ಹೊಸದರಲ್ಲಿ ಒಂದು ದಿನ ಅಂಥದೇ ಹೊತ್ತಿಗೆ ಫೋನ್ ಮಾಡಿದಳು. ಅಮ್ಮ ಗೋಡೆ ಹಿಡಿದುಕೊಂಡು ಎತ್ತಿದಳು. ಹಲೋ ಅನ್ನಲಿಲ್ಲ. "ಯಾರು ಹೋದ್ರು?" ಅಂದಳು.

"ಯಾರೂ ಹೋಗಿಲ್ಲಮ್ಮ," ಅಂದಳು ತಂಗಿ. "ಎಲ್ಲಾರೂ ಹಿತ್ತಲಲ್ಲಿ ಬಿಸಿಲು ಕಾಯ್ತಾ ಕೂತಿದಾರೆ."

ಲಾಹೆ ಲಾಹೆ

ಅಮ್ಮ ಅಲ್ಲಿಗೆ ಹೋಗಿ ಒಂದು ತಿಂಗಳಿದ್ದು ಬಂದಳು. ಅವಳು ಶಿವಾಜಿನಗರದಲ್ಲಿ ಬೆಳೆದವಳು. ಅವಳ ಉರ್ದುವಿಗೂ ಬೀಗರ ಹಿಂದಿಗೂ ಹೇಗೋ ಹೊಂದಿಕೆಯಾಯಿತು. ಹೊಂದದೇ ಇದ್ದದ್ದು ಗಡಿಯಾರ. ಸರ್ಕಾರದ ಗಂಟೆಯೇ ನಿಜವಾದ ಗಂಟೆ ಎಂದು ಅವಳ ವಾದ. ಬೆಳಕಿದ್ದಾಗಲೇ ಹಗಲು ಎಂದು ಅವರದು.

ಅವಳಿಗೆ ಇನ್ನೊಂದು ಅರ್ಥವಾಗಲಿಲ್ಲ. ಕೋಳಿಗಿಂತ ಮೊದಲು ಏಳುವ ಆ ಜನ ಆಮೇಲೆ ಎಲ್ಲದಕ್ಕೂ ಲಾಹೆ ಲಾಹೆ ಅನ್ನುತ್ತಾರೆ, ಅಂದರೆ ನಿಧಾನ, ನಿಧಾನ. ಟೀ ಕುಡಿಯುವುದೂ ಲಾಹೆ ಲಾಹೆ, ಪೇಟೆಗೆ ಹೊರಡುವುದೂ ಲಾಹೆ ಲಾಹೆ. ಕೊನೆಗೆ ತಂಗಿಯನ್ನು ಪಕ್ಕಕ್ಕೆ ಕರೆದು ಕೇಳಿದಳಂತೆ: "ಇಷ್ಟು ನಿಧಾನ ಮಾಡೋದಕ್ಕೆ ಅಷ್ಟು ಬೇಗ ಯಾಕೆ ಏಳ್ಬೇಕೇ?"

ವಾರ್ಡಿನಲ್ಲಿ

ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿಬಿದ್ದಳು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು, ಆಪರೇಷನ್ ಆಯಿತು. ಜೀವಕ್ಕೆ ಭಯವಿಲ್ಲ, ಆದರೆ ನೆನಪು, ಬುದ್ಧಿ ಹೇಗಿರುತ್ತೋ ಈಗಲೇ ಹೇಳಕ್ಕಾಗಲ್ಲ ಅಂದರು ಡಾಕ್ಟರು. ತಂಗಿ ಮಾವನವರನ್ನು ಕರೆದುಕೊಂಡು ಓಡಿಬಂದಳು. ಬೀಗರು ಬಂದವರೇ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಊಟಕ್ಕೆ ಕರೆದರೂ ಏಳಲಿಲ್ಲ. ಅವರ ಬಾಯಿ ಸುಮ್ಮನೆ ಏನೋ ಜಪಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಕಣ್ಣು ಬಿಟ್ಟಳು. ಡಾಕ್ಟರು ಬಗ್ಗಿ ಹೆಸರು ಕೇಳಿದರು, ಹೇಳಿದಳು. ಗೋಡೆ ಗಡಿಯಾರ ತೋರಿಸಿ, "ಈಗ ಗಂಟೆ ಎಷ್ಟಮ್ಮ?" ಅಂದರು.

ಅಮ್ಮ ಗಡಿಯಾರ ನೋಡಿದಳು. ಬೀಗರನ್ನು ನೋಡಿದಳು. ಮತ್ತೆ ಗಡಿಯಾರ ನೋಡಿದಳು. ತಂಗಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಯಾವ ಊರಿಂದು?" ಅಂದಳು ಅಮ್ಮ.

ಡಾಕ್ಟರ ಮುಖ ಚಿಕ್ಕದಾಯಿತು. ಇನ್ನೊಂದು ಸಲ ಸ್ಕ್ಯಾನ್ ಮಾಡಿಸಬೇಕು ಎಂದು ಸಿಸ್ಟರಿಗೆ ಹೇಳಿ, ಮಗುವಿಗೆ ಹೇಳುವ ಹಾಗೆ ಅಮ್ಮನ ಕಡೆ ತಿರುಗಿದರು. "ಅಮ್ಮಾ, ಇಡೀ ದೇಶಕ್ಕೆಲ್ಲ ಒಂದೇ ಟೈಮು."

ಅಮ್ಮ ಬೀಗರ ಕಡೆ ಬೆರಳು ತೋರಿಸಿದಳು. "ಅದನ್ನೇ ನಾನೂ ಇವ್ರಿಗೆ ಹೇಳಿ ಹೇಳಿ ಸಾಕಾದೆ ಡಾಕ್ಟ್ರೇ. ನನ್ನ ಬಿಡಿ, ಮೊದಲು ಇವ್ರ ತಲೆ ನೋಡಿ."