ಹುಣಸೇಕೊಪ್ಪಲಿನ ಹೆರಿಗೆಯೂ ತಾಲ್ಲೂಕಿನ ಗೆರೆಯೂ

ಹುಣಸೇಕೊಪ್ಪಲು
ಜುಲೈ ೯, ೧೯೩೮

ತಾಲ್ಲೂಕು ಗಡಿ ಪುನರ್ವಿಂಗಡಣೆಯ ವಿಶೇಷಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಹುಣಸೇಕೊಪ್ಪಲಿನ ನಿವೃತ್ತ ಉಪಾಧ್ಯಾಯ ರುದ್ರಯ್ಯನ ಭಯಭಕ್ತಿಪೂರ್ವಕ ನಮಸ್ಕಾರಗಳು. ನನ್ನ ತಂದೆಯವರ ಕಾಲದಲ್ಲಿ ಹಾಸನ ಜಿಲ್ಲೆಯನ್ನೇ ಮೈಸೂರಿಗೆ ಸೇರಿಸಿ, ಕೆಲವೇ ವರ್ಷಗಳಲ್ಲಿ ಮತ್ತೆ ಬಿಡಿಸಿದ್ದರಂತೆ. ಅಂಥ ಘನಕಾರ್ಯವನ್ನು ನಾನೂ ಕಣ್ಣಾರೆ ಕಾಣಲೆಂದು ತಾವು ಕಳೆದ ಯುಗಾದಿಯ ಹೊತ್ತಿಗೆ ನಮ್ಮೂರನ್ನು ಹೊಳೆನರಸೀಪುರ ತಾಲ್ಲೂಕಿನಿಂದ ಕಿತ್ತು ಅರಕಲಗೂಡಿಗೆ ಸೇರಿಸಿದಿರಿ. ನಾವು ಮಲಗಿದ್ದ ಚಾಪೆಯೂ ಅಲುಗದಂತೆ ಇಡೀ ಊರನ್ನು ಸಾಗಿಸಿದ ತಮ್ಮ ಕೈಚಳಕಕ್ಕೆ ಶರಣು.

ಕಳೆದ ತಿಂಗಳು ಒಂದು ಮಧ್ಯಾಹ್ನ ನನ್ನ ಸೊಸೆ ನೀಲಾಂಬಿಕೆಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಹೊಸ ನಿಯಮಕ್ಕೆ ತಲೆಬಾಗಿ ಹದಿನಾಲ್ಕು ಮೈಲಿ ದೂರದ ಅರಕಲಗೂಡಿಗೆ ಗಾಡಿ ಕಟ್ಟಿಸಿದೆವು. ಅರ್ಧ ಮೈಲಿ ಹೋಗುವಷ್ಟರಲ್ಲಿ ಆಕೆಯ ಕೈಕಾಲು ತಣ್ಣಗಾದವು. ಗಾಡಿ ತಿರುಗಿಸಿ ಮನೆಗೆ ಕಳಿಸಿ, ನಮ್ಮೂರಿಗೆ ಕೂಗಳತೆಯಲ್ಲಿದ್ದೂ ಹೊಳೆನರಸೀಪುರ ತಾಲ್ಲೂಕಿನಲ್ಲೇ ಉಳಿದಿರುವ ಸರ್ಕಾರಿ ಸೂಲಗಿತ್ತಿ ಬಸವಲಿಂಗಮ್ಮನವರ ಬಾಗಿಲಿಗೆ ಓಡಿದೆ. ತಾಲ್ಲೂಕು ದಾಟಿ ಹೆರಿಗೆ ಮಾಡಿಸಕೂಡದೆಂಬ ತಮ್ಮ ಸುತ್ತೋಲೆ ಅವರ ಗೋಡೆಯ ಮೇಲೇ ಇತ್ತು. ನಾನು ಅದನ್ನೇ ಓದುತ್ತ ಬಾಗಿಲಲ್ಲಿ ನಿಂತುಬಿಟ್ಟೆ.

"ಅದನ್ನ ಆಮ್ಯಾಕೆ ಓದೀರಂತೆ ಮೇಷ್ಟ್ರೇ, ಮೊದ್ಲು ಓಗಿ ನೀರು ಕಾಯ್ಸಿ, ಬತ್ತೀನಿ" ಎನ್ನುತ್ತ ಆಕೆ ಚೀಲ ಎತ್ತಿಕೊಂಡರು.

ಮಗು ಅಡ್ಡಲಾಗಿತ್ತು. ಎರಡು ಗಂಟೆ ಹೆಣಗಾಡಿ ತಾಯಿಯನ್ನೂ ಹೆಣ್ಣುಕೂಸನ್ನೂ ಉಳಿಸಿಕೊಟ್ಟರು. ಮೂವತ್ತು ವರ್ಷ ಬೆತ್ತ ಹಿಡಿದ ನಾನು ಹಿತ್ತಿಲಲ್ಲಿ ನಿಂತು ಅತ್ತುಬಿಟ್ಟೆ.

ಮರುವಾರವೇ, ಪರತಾಲ್ಲೂಕಿನಲ್ಲಿ ಹೆರಿಗೆ ಮಾಡಿಸಿದ ಅಪರಾಧಕ್ಕಾಗಿ ಅವರನ್ನು ಕೆಲಸದಿಂದ ತೆಗೆದು ಸರ್ಕಾರಿ ಮನೆಯನ್ನೂ ಬಿಡಿಸುವ ಆಜ್ಞೆ ತಮ್ಮ ರುಜುವಿನೊಂದಿಗೆ ಬಂದಿತು. ನಮ್ಮೂರಿಗೆ ಬರಬೇಕಾದ ಅರಕಲಗೂಡಿನ ಸೂಲಗಿತ್ತಿ ಇಂದಿಗೂ ಬಂದಿಲ್ಲ. ಆಜ್ಞೆ ಮಾತ್ರ ಎಷ್ಟು ಬೇಗ ಬಂದಿತು, ಸ್ವಾಮಿ! ಆದ್ದರಿಂದ ತಾವು ದಯಮಾಡಿ ಬಸುರಿಯರಿಗೆಲ್ಲ ತಾಲ್ಲೂಕಿನ ನಕ್ಷೆ ಹಂಚಿಸಬೇಕು. ಗಾಡಿ ಹದಿನಾಲ್ಕು ಮೈಲಿ ಮುಟ್ಟುವವರೆಗೆ ನೋವು ತಡೆದಿರತಕ್ಕದ್ದೆಂದು ಗೆಜೆಟ್ಟಿನಲ್ಲಿ ಪ್ರಕಟಿಸಬೇಕು. ಇವೆರಡೂ ಆಗದಿದ್ದರೆ ಬಸವಲಿಂಗಮ್ಮನವರ ಕೆಲಸವನ್ನು ಹಿಂದಿರುಗಿಸಬೇಕು. ಈ ಮೂರರಲ್ಲಿ ಕೊನೆಯದೇ ತಮಗೆ ಅತಿ ಕಷ್ಟದ್ದೆಂದು ಬಲ್ಲೆ. ಸದ್ಯ ಆಕೆ ನಮ್ಮ ಮನೆಯಲ್ಲೇ ಇದ್ದಾರೆ. ಎರಡೂ ತಾಲ್ಲೂಕಿನವರು ಇಲ್ಲಿಗೇ ಬಂದು ಕರೆದೊಯ್ಯುತ್ತಿದ್ದಾರೆ.

ತಮ್ಮ ವಿಶ್ವಾಸಿ,
ರುದ್ರಯ್ಯ
(ಈ ಕಾಗದ ಬರೆಯುವ ಹೊತ್ತಿಗೆ) ಅರಕಲಗೂಡು ತಾಲ್ಲೂಕು

ವಿ.ಸೂ.: ನಿನ್ನೆ ಬೆಳಿಗ್ಗೆ ತಮ್ಮ ಬಂಗಲೆಯ ಮೋಟಾರೇ ಬಂದು ಬಸವಲಿಂಗಮ್ಮನವರನ್ನು ಹಾಸನಕ್ಕೆ ಕರೆದೊಯ್ದಿತು. ತಮ್ಮ ಶ್ರೀಮತಿಯವರೂ ಮಗುವೂ ಕ್ಷೇಮವೆಂದು ರಾತ್ರಿ ಹಿಂದಿರುಗಿದ ಆಕೆಯಿಂದ ಕೇಳಿ ನಿಜಕ್ಕೂ ಸಂತೋಷವಾಯಿತು. ಹಾಸನವೂ ಬೇರೆ ತಾಲ್ಲೂಕೇ ಎಂಬ ಸಂಗತಿಯನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.